ನೈಟ್ರೇಟ್ ತೆಗೆಯೋದು ಗಿಡ ಅಲ್ಲ, ಕುಡುಗೋಲು

ಫಿಶ್ ಟ್ಯಾಂಕಿನ ಫಿಲ್ಟರ್ ಸಂಪ್‌ಗೆ ಒಂದು ಮನಿಪ್ಲಾಂಟ್ ಕಡ್ಡಿ ಸಿಕ್ಕಿಸಿ, "ಇನ್ನು ನೀರು ಬದಲಾಯಿಸೋ ತಾಪತ್ರಯವೇ ಇಲ್ಲ" ಅನ್ನೋರು ಈಗ ಊರಿಗೊಬ್ಬರು ಸಿಗ್ತಾರೆ. ಇನ್ನೊಂದು ಕಡೆ, "ಗಿಡಗಿಡ ಎಲ್ಲಾ ದಂಡ, ಈ ಬಾಟಲಿ ಹಾಕಿ" ಅನ್ನೋ ಅಂಗಡಿಯವರು. ನನಗೆ ತೋರಿಸಿದ ಬಾಟಲಿ ಮೇಲೆ ಒಳಗೇನಿದೆ ಅಂತ ಒಂದಕ್ಷರ ಇರಲಿಲ್ಲ. ಯೂರಿಯಾ ಚೀಲದ ಮೇಲೂ 46% ಸಾರಜನಕ ಅಂತ ಅಚ್ಚು ಹಾಕಿರ್ತಾರೆ ಸ್ವಾಮಿ. ಇಬ್ಬರ ಮಾತನ್ನೂ ನಾನು ಒಪ್ಪಲ್ಲ. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ.

ಇಲ್ಲಿ ಸಂಪ್ ಅಂದ್ರೆ ಮನೆ ಮುಂದೆ ನೆಲದೊಳಗೆ ಇರೋದಲ್ಲ. ಟ್ಯಾಂಕಿನ ಕೆಳಗೆ ಇಡೋ ಇನ್ನೊಂದು ಸಣ್ಣ ತೊಟ್ಟಿ. ಮೇಲಿನ ನೀರು ಅಲ್ಲಿಗೆ ಇಳಿದು, ಸೋಸಿಕೊಂಡು, ಪಂಪ್‌ನಿಂದ ಮತ್ತೆ ಮೇಲೆ ಹೋಗುತ್ತೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತೆ. ಸಾಮಾನ್ಯ ಫಿಲ್ಟರ್ ಕೆಲಸ ಅಲ್ಲಿಗೆ ಮುಗೀತು. ನೈಟ್ರೇಟ್ ನೀರಲ್ಲೇ ಉಳಿದು ದಿನದಿನಕ್ಕೆ ಏರುತ್ತೆ.

ಎಷ್ಟು ಏರುತ್ತೆ? 400 ಲೀಟರ್ ಟ್ಯಾಂಕಿಗೆ ದಿನಕ್ಕೆ 10 ಗ್ರಾಂ ಆಹಾರ ಹಾಕ್ತೀರಿ ಅಂತಿಟ್ಟುಕೊಳ್ಳಿ. ಅದರಲ್ಲಿ 40% ಪ್ರೋಟೀನ್ ಇದ್ದರೆ 4 ಗ್ರಾಂ ಪ್ರೋಟೀನ್. ಅದನ್ನ 6.25ರಿಂದ ಭಾಗಿಸಿದರೆ 0.64 ಗ್ರಾಂ ಸಾರಜನಕ. ಮೀನಿನ ಮೈಗೆ ಸೇರೋದು ಸುಮಾರು ಮೂರನೇ ಒಂದು ಭಾಗ. ಮಿಕ್ಕ 0.45 ಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆದರೆ ತೂಕ ಸುಮಾರು 2 ಗ್ರಾಂ. ಅಂದರೆ ಲೀಟರಿಗೆ ದಿನಕ್ಕೆ 5 ಮಿಲಿಗ್ರಾಂ, ವಾರಕ್ಕೆ 35.

ಈಗ ಗಿಡದ ಕಡೆ ಬನ್ನಿ. ಹಸಿ ಸೊಪ್ಪಿನಲ್ಲಿ ಹತ್ತಿರ ಹತ್ತಿರ 90% ನೀರೇ. 100 ಗ್ರಾಂ ಸೊಪ್ಪಲ್ಲಿ 10 ಗ್ರಾಂ ಒಣ ಪದಾರ್ಥ, ಅದರಲ್ಲಿ ಚೆನ್ನಾಗಿ ಬೆಳೆದಿದ್ದರೆ 0.4 ಗ್ರಾಂ ಸಾರಜನಕ. ಹಾಗಾದರೆ ಆ ಟ್ಯಾಂಕಿನ ನೈಟ್ರೇಟ್ ಏರದ ಹಾಗೆ ನೋಡ್ಕೋಬೇಕಂದ್ರೆ ವಾರಕ್ಕೆ ಸುಮಾರು 800 ಗ್ರಾಂ ಹಸಿರು ಬೆಳೀಬೇಕು. ತಿಂಗಳಿಗೆ ಎರಡು ಎಲೆ ಬಿಡೋ ಮನಿಪ್ಲಾಂಟ್ ಕಡ್ಡಿ ಈ ಕೆಲಸ ಮಾಡುತ್ತಾ? ನೀವೇ ಹೇಳಿ.

ಬೆಳೆದರೆ ಸಾಲದು, ಕೊಯ್ದು ಆಚೆಗೆ ಹಾಕಬೇಕು. ಇದನ್ನ ಯಾರೂ ಹೇಳಲ್ಲ. ಎಲೆ ಹಣ್ಣಾಗಿ ಸಂಪಿನಲ್ಲೇ ಕೊಳೆತರೆ, ಹೀರಿದ್ದೆಲ್ಲಾ ವಾಪಸ್ ನೀರಿಗೇ. ಕೆರೆ ತುಂಬ ಅಂತರಗಂಗೆ ಹಬ್ಬಿಸಿಕೊಂಡು "ಗಿಡ ನೀರನ್ನ ಶುದ್ಧ ಮಾಡ್ತಿದೆ" ಅಂತ ಕೂತರೆ ಕೆರೆ ಶುದ್ಧ ಆಗುತ್ತಾ? ಎತ್ತಿ ದಡಕ್ಕೆ ಹಾಕಿದ ದಿನವೇ ಸಾರಜನಕ ಹೊರಗೆ ಬಂದಿದ್ದು. ಗೊಬ್ಬರ ಹೊಲಕ್ಕೆ ಹೋಗೋದೂ ಫಸಲು ಹೊಲದಿಂದ ಬರೋದೂ ಗೊತ್ತಿರೋ ರೈತನಿಗೆ ಇದು ಹೊಸ ಮಾತಲ್ಲ.

ಹಂಗಂತ ಗಿಡ ಬೇಡ ಅಂತ ನಾನು ಹೇಳ್ತಿಲ್ಲ. ಸರಿಯಾದ ಗಿಡ ಇಡಿ. ಬೇರು ನೀರಲ್ಲಿ, ಎಲೆ ಗಾಳಿಯಲ್ಲಿ ಇರಲಿ. ಪುದೀನ, ಒಂದೆಲಗ, ಕೆಸು ಇಂಥವು. ಗಾಳಿಯಿಂದಲೇ ಇಂಗಾಲದ ಡೈ ಆಕ್ಸೈಡ್ ಸಿಗೋದರಿಂದ ಇವು ಪೂರ್ತಿ ಮುಳುಗಿದ ಗಿಡಕ್ಕಿಂತ ಜೋರಾಗಿ ಬೆಳೀತವೆ. ಕತ್ತಲ ಮೂಲೆಯಲ್ಲಿ ಇಟ್ಟು ಬೆಳೀಲಿಲ್ಲ ಅನ್ನಬೇಡಿ, ಒಳ್ಳೆ ಬೆಳಕು ಕೊಡಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ ಸಾಲದು. ಹಳೆ ಎಲೆ ಅಂಚು ಸುಟ್ಟ ಹಾಗಿದ್ದರೆ ಪೊಟ್ಯಾಷ್ ಸಾಲದು. ಮೀನಿನ ಆಹಾರದಿಂದ ಇವೆರಡೂ ಗಿಡಕ್ಕೆ ಬೇಕಾದಷ್ಟು ಬರಲ್ಲ. ಅವಿಲ್ಲದೆ ನೈಟ್ರೇಟ್ ಎಷ್ಟೇ ತುಂಬಿದ್ದರೂ ಗಿಡ ಮುಟ್ಟಲ್ಲ. ಟ್ಯಾಂಕಿಗೆ ಮದ್ದು ಹಾಕಿದ್ದರೆ ಆ ಸೊಪ್ಪು ಅಡುಗೆಗೆ ಬೇಡ, ತಿಪ್ಪೆಗೆ ಹಾಕಿ. ಯಾವ ಕಾರಣಕ್ಕೂ ಕೆರೆಗೆ ಎಸೀಬೇಡಿ.

"ಅಷ್ಟು ಕಷ್ಟ ಯಾಕೆ, ನೀರು ಬದಲಾಯಿಸಿದರಾಯ್ತು" ಅಂತೀರಾ? ಯಾವ ನೀರು? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದೆ. ಟ್ಯಾಂಕಿನಲ್ಲಿ 60 ಇದ್ದು, ಅರ್ಧ ನೀರು ತೆಗೆದು 45ರ ನೀರು ತುಂಬಿದರೆ ಇಳಿಯೋದು 52ಕ್ಕೆ. ಬೋರ್ ನೀರನ್ನ ಮೊದಲು ಟೆಸ್ಟ್ ಮಾಡದೆ ಮೀನಿನ ಟ್ಯಾಂಕ್ ಟೆಸ್ಟ್ ಮಾಡೋದು ಅರ್ಧ ಕೆಲಸ.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಇಲ್ಲೇ. ಆ 45 ಅನ್ನೋದು ಮೀನಿನ ಮಿತಿ ಅಲ್ಲ, ನಮ್ಮ ದೇಶದ ಕುಡಿಯೋ ನೀರಿನ ಮಿತಿ. ಅದು ಮೀರಿದ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಎಳೆ ಕೂಸಿನ ರಕ್ತ ಆಮ್ಲಜನಕ ಹೊರೋ ಶಕ್ತಿ ಕಳಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಮೀನಿಗೆ 40 ಆಯ್ತು ಅಂತ ಬಾಟಲಿ ಹುಡುಕೋ ಮನೆಯಲ್ಲಿ, ಅದೇ ಬೋರಿನ ನೀರನ್ನ ಮಕ್ಕಳಿಗೆ ಕೊಡೋವಾಗ ಯಾರೂ ಒಂದು ಪಟ್ಟಿ ಅದ್ದಿ ನೋಡಲ್ಲ.

ಅದು ಬೋರಿಗೆ ಎಲ್ಲಿಂದ ಬಂತು? ತಿಪ್ಪೆ, ಕೊಟ್ಟಿಗೆ, ಪಾಯಿಖಾನೆ ಗುಂಡಿ ಇವುಗಳ ಪಾಲೂ ಇದೆ, ನಮ್ಮ ಯೂರಿಯಾ ಪಾಲೂ ಇದೆ. 45 ಕೆಜಿ ಚೀಲದಲ್ಲಿ 20 ಕೆಜಿಗೂ ಹೆಚ್ಚು ಸಾರಜನಕ. ಬೆಳೆ ಎತ್ತದೆ ಬಿಟ್ಟ ನೈಟ್ರೇಟನ್ನ ಮಣ್ಣು ಹಿಡಿದಿಟ್ಟುಕೊಳ್ಳಲ್ಲ, ನೀರಿನ ಜೊತೆ ಕೆಳಗೆ ಇಳೀತದೆ. ಹೊಲವೂ ಒಂದು ಟ್ಯಾಂಕೇ, ಬೋರೇ ಅದರ ಸಂಪ್. ಹಾಕಿದ್ದೆಷ್ಟು, ಬೆಳೆಯಾಗಿ ತೆಗೆದದ್ದೆಷ್ಟು ಅನ್ನೋ ಲೆಕ್ಕ ಇಲ್ಲದಿದ್ದರೆ ಎರಡು ಕಡೆಯೂ ಗತಿ ಒಂದೇ.

ಅದಕ್ಕೇ ಹೇಳೋದು, ಬಾಟಲಿಗೆ ಕೊಡೋ ದುಡ್ಡಲ್ಲಿ ಒಂದು ಟೆಸ್ಟ್ ಕಿಟ್ ತಗೊಳ್ಳಿ. ಬೋರ್ ನೀರು ಮೊದಲು, ಟ್ಯಾಂಕ್ ಆಮೇಲೆ. ವಾರಕ್ಕೊಮ್ಮೆ ಸಂಪಿನ ಸೊಪ್ಪು ಕೊಯ್ದು ತಕ್ಕಡಿಗೆ ಹಾಕಿ, ತೂಕ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಬರೀರಿ. ಕೊಯ್ಯೋಕೆ ಏನೂ ಸಿಗಲಿಲ್ಲ ಅಂದ್ರೆ ನಿಮ್ಮ ಗಿಡ ಬರೀ ಅಲಂಕಾರಕ್ಕೆ ಇದೆ ಅಂತ ಅರ್ಥ.