ಒಂದು ತೆನೆ, ಇಡೀ ರಾಶಿ

ತುಂಗಭದ್ರೆಯ ಕಾಲುವೆ ನೀರಿನಿಂದ ಬತ್ತ ಬೆಳೆಯುವ ಗಂಗಾವತಿ ಸೀಮೆಯ ಶ್ರೀರಾಮನಗರದಲ್ಲಿ ಯಾವ ರೈತನೂ ಒಂದು ತುಂಬು ತೆನೆಯನ್ನು ನೋಡಿ ಗದ್ದೆಯ ಇಳುವರಿಯನ್ನು ನಿರ್ಣಯಿಸಲಾರನು. ಜೊಳ್ಳನ್ನು ತೂರಿ, ಇಡೀ ರಾಶಿಯನ್ನು ತೂಗಿದ ಮೇಲೆಯೇ ಅವನ ಲೆಕ್ಕ. ಷೇರುಪೇಟೆಯು ಮೊಬೈಲಿನ ಮೂಲಕ ಹಳ್ಳಿಗೂ ಬಂದಿರುವ ಈ ದಿನಗಳಲ್ಲಿ, ಅಲ್ಲಿಯೂ ಇದೇ ವಿವೇಕ ಅವಶ್ಯವೆಂದು ನಾವು ಭಾವಿಸುತ್ತೇವೆ.

1993ರಲ್ಲಿ ಇನ್ಫೋಸಿಸ್ ಕಂಪೆನಿಯು ತಲಾ 95 ರೂಪಾಯಿಗೆ ಷೇರುಗಳನ್ನು ಮಾರಲು ಹೊರಟಾಗ ಕೊಳ್ಳುವವರೇ ಸಾಲದಾದರು. ಕೊಂಡು ತಾಳ್ಮೆಯಿಂದ ಇಟ್ಟುಕೊಂಡವರು ಸಿರಿವಂತರಾದರು. ಕಥೆ ನಿಜವೇ. ಆದರೆ ಅದು ಒಂದು ತೆನೆ ಮಾತ್ರ.

ರಾಶಿಯನ್ನು ತೂಗಿದವರೂ ಉಂಟು. ಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ ಮೂರು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ!

ಕಾರಣವು ಗಣಿತದಲ್ಲಿದೆ. ಷೇರು ಎಂದರೆ ಕಂಪೆನಿಯಲ್ಲಿ ಒಂದು ಪಾಲು. ಕಂಪೆನಿಯು ಬೆಳೆದರೆ ಪಾಲುದಾರರೆಲ್ಲರೂ ಬೆಳೆಯಬಹುದು. ವಾಯಿದೆಯಲ್ಲಾದರೋ ಒಬ್ಬನ ಲಾಭವೇ ಇನ್ನೊಬ್ಬನ ನಷ್ಟ. ದಲ್ಲಾಳಿ ಮತ್ತು ತೆರಿಗೆ ಇಬ್ಬರಿಂದಲೂ ಸಲ್ಲಬೇಕು. ಎದುರಿಗಿರುವವರೋ ಗಣಕಯಂತ್ರಗಳಿಂದ ಕ್ಷಣಾರ್ಧದಲ್ಲಿ ವ್ಯವಹರಿಸುವ ದೊಡ್ಡ ಸಂಸ್ಥೆಗಳು.

ಇಂತಹ ಅಂಕಿಅಂಶಗಳು ವಿದ್ವಾಂಸರ ಕಪಾಟಿನಲ್ಲಿ ಉಳಿಯಬಾರದು. ಸರಳ ಕನ್ನಡದಲ್ಲಿ ಅವು ಪ್ರತಿ ಗ್ರಾಮದ ವಾಚನಾಲಯಕ್ಕೂ ಸಹಕಾರ ಸಂಘಕ್ಕೂ ತಲುಪಬೇಕು. ಗೆದ್ದವನ ಮಾತು ಊರೆಲ್ಲ ಕೇಳುತ್ತದೆ. ಸೋತವರನ್ನು ಎಣಿಸಿ ಹೇಳುವುದು ವಿಜ್ಞಾನದ ಕರ್ತವ್ಯ. ಸುಗ್ಗಿಯ ಹಣವನ್ನು ಪಣಕ್ಕಿಡುವ ಮುನ್ನ ಆ ಎಣಿಕೆಯನ್ನು ಓದುವುದು ನಮ್ಮೆಲ್ಲರ ಕರ್ತವ್ಯ.