ಹಸಿರು ಚಹಾ, ಕೆಂಪು ಹಣ್ಣು: ನಮ್ಮನೇಲೇ ಮುಹೂರ್ತ!

ಈಚೆಗೆ ಯಾವ ತಾರೆಯ ಫೋಟೋ ನೋಡಿದ್ರೂ ಕೈಯಲ್ಲೊಂದು ಹಸಿರು ಲೋಟ! ಬೇವಿನ ಕಷಾಯವೋ ಏನೋ ಅಂತ ತಲೆ ಕೆರ್ಕೋಬೇಡಿ ಗುರುಗಳೇ. ಅದು ಮಚ್ಚಾ ಲಾಟೆ. ನಿಮ್ಮ ಅಡ್ಡಾದ ಮಚ್ಚನಿಗೂ ಇದಕ್ಕೂ ನಂಟಿಲ್ಲ. ಜಪಾನಿನಲ್ಲಿ ಮಚ್ಚಾ ಅಂದ್ರೆ ನುಣ್ಣಗೆ ಬೀಸಿದ ಹಸಿರು ಚಹಾ ಪುಡಿ.

ದೊಡ್ಡ ಕೆಫೆಯಲ್ಲಿ ಇದರ ಒಂದು ಲೋಟಕ್ಕೆ ತೆರುವ ದುಡ್ಡಿಗೆ ನಮ್ಮೂರ ಥಿಯೇಟರಿನಲ್ಲಿ ಬಾಲ್ಕನಿ ಟಿಕೆಟ್ಟೇ ಬರುತ್ತೆ! ತಿಂಗಳ ಕೊನೆಯಲ್ಲಿ ಜೇಬು ತಡಕಾಡುವ ಹುಡುಗನಿಗೆ ಇದು ಸಣ್ಣ ಮಾತಲ್ಲ. ಟಿಕೆಟ್ಟೂ ಉಳೀಬೇಕು, ಲೋಟವೂ ಸಿಗಬೇಕು. ಅದಕ್ಕೇ ಈ ವಾರ ಅಡುಗೆಮನೆಯಲ್ಲೇ ಶೂಟಿಂಗ್.

ಮೊದಲು ಹೀರೋ ಪರಿಚಯ. ಕ್ಯೋಟೋ ಹತ್ತಿರದ ಉಜಿ ಈ ಚಹಾಕ್ಕೆ ಹೆಸರಾದ ಊರು. ಕೊಯ್ಲಿಗೆ ಸುಮಾರು ಮೂರು ವಾರ ಮುಂಚೆ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಬಿಸಿಲು ತಪ್ಪಿದ ಎಲೆ ಕಡು ಹಸಿರಾಗುತ್ತೆ, ಒಗರು ತಗ್ಗುತ್ತೆ. ಆಮೇಲೆ ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಾರು ತೆಗೆದು, ಬೀಸುಕಲ್ಲಿಗೆ ಹಾಕ್ತಾರೆ. ಒಂದು ಕಲ್ಲು ಒಂದು ಗಂಟೆ ತಿರುಗಿದರೆ ಸಿಗೋದು ಬರೀ ನಲವತ್ತು ಗ್ರಾಂನಷ್ಟು! ಬೆಲೆ ಏಕೆ ಜಾಸ್ತಿ ಅಂತ ಈಗ ಗೊತ್ತಾಯ್ತಲ್ಲ?

ಇದರ ಹಿಂದೆ ಒಂದು ಸಿನಿಮಾ ಕಥೆಯೂ ಇದೆ. ಚಹಾಗುರು ಸೆನ್ ನೋ ರಿಕ್ಯು ಎರಡೇ ಚಾಪೆಯ ಗುಡಿಸಲಲ್ಲಿ ಚಹಾ ಕೊಡುವುದೇ ದೊಡ್ಡದು ಅಂದವನು. ಅವನ ಒಡೆಯ ಹಿದೆಯೋಶಿ ಚಿನ್ನದ ಚಹಾಕೋಣೆ ಕಟ್ಟಿಸಿದವನು! 1591ರಲ್ಲಿ ಒಡೆಯನ ಆಜ್ಞೆಯಂತೆ ಗುರು ಪ್ರಾಣ ಬಿಟ್ಟ. 1989ರಲ್ಲಿ ಈ ಒಬ್ಬನ ಮೇಲೇ ಎರಡು ಚಿತ್ರ ಬಂದವು. ತೆಶಿಗಹಾರಾ ಚಿತ್ರದಲ್ಲಿ ರೆಂತಾರೋ ಮಿಕುನಿ, ಕುಮಾಯ್ ಚಿತ್ರದಲ್ಲಿ ನಮ್ಮ 'ಸೆವೆನ್ ಸಮುರಾಯ್' ಖ್ಯಾತಿಯ ತೋಶಿರೋ ಮಿಫುನೆ. ಗುರುವಿನ ಬಟ್ಟಲಲ್ಲಿ ಹಾಲೂ ಇರಲಿಲ್ಲ, ಹಣ್ಣೂ ಇರಲಿಲ್ಲ. ಅವೆಲ್ಲ ಈ ಕಾಲದ ಮಸಾಲೆ.

ಸರಿ, ಕ್ಯಾಮೆರಾ ಸ್ಟಾರ್ಟ್! ಐದಾರು ಸ್ಟ್ರಾಬೆರಿ ಹೆಚ್ಚಿ, ಎರಡು ಚಮಚ ಸಕ್ಕರೆ, ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ. ಮಸೆದು ಸೋಸಿ, ಆರಲು ಬಿಡಿ.

ಇನ್ನೊಂದು ಕಡೆ ನೀರು ಕುದಿಸಿ, ಬೇರೆ ಲೋಟಕ್ಕೆ ಸುರಿದು ಮೂರು ನಿಮಿಷ ಸುಮ್ಮನಿರಿ. ಕುದಿಯೋ ನೀರು ಬಿದ್ದರೆ ಹೀರೋ ಕಹಿಯಾಗ್ತಾನೆ. 80 ಡಿಗ್ರಿ ಆಸುಪಾಸು ಸಾಕು. ಒಂದು ಸಣ್ಣ ಚಮಚ, ಅಂದರೆ 2 ಗ್ರಾಂ ಮಚ್ಚಾ ಜರಡಿ ಹಿಡಿದು, ಕಾಲು ಲೋಟ ನೀರು ಹಾಕಿ, ಗಂಟಿಲ್ಲದಂತೆ ನೊರೆ ಬರುವವರೆಗೆ ಕಡೆಯಿರಿ. ಜಪಾನಿನವರು ಬಿದಿರಿನ ಚಾಸೆನ್ ಹಿಡೀತಾರೆ. ನಮಗೆ ಅಮ್ಮನ ಪುಟ್ಟ ಕಡಗೋಲೇ ಸಾಕು.

ಮುಕ್ಕಾಲು ಲೋಟ ಹಾಲು ಬಿಸಿ ಮಾಡಿ, ಉಕ್ಕಿಸಬೇಡಿ. ಕಾಫಿಯ ಹಾಗೆ ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದರೆ ನೊರೆ ತಾನೇ ಬರುತ್ತೆ. ತಳಕ್ಕೆ ಎರಡು ದೊಡ್ಡ ಚಮಚ ಹಣ್ಣಿನ ಪಾಕ, ಮೇಲೆ ಚಮಚದ ಬೆನ್ನ ಮೇಲಿಂದ ಮೆಲ್ಲಗೆ ಹಾಲು, ಕೊನೆಗೆ ಹಸಿರು. ಕೆಂಪು, ಬಿಳಿ, ಹಸಿರು: ಈಸ್ಟ್‌ಮನ್ ಕಲರ್!

ವಿಲನ್ ಯಾರು? ಹುಳಿ! ಹಾಲು ಕುದಿಯುತ್ತಿದ್ದು ಹುಳಿ ಜಾಸ್ತಿಯಾದರೆ ಒಡೆದೇ ಒಡೆಯುತ್ತೆ. ನಿಂಬೆ, ಮೋಸಂಬಿ ದೂರ ಇಡಿ. ಹಸಿ ಅನಾನಸ್ ಇನ್ನೂ ಖದೀಮ. ಅದರ ಕಿಣ್ವ ಹಾಲಿನ ಸಾರ ಮುರಿದು ಕಹಿ ಮಾಡುತ್ತೆ. ಬೇಸಿಗೆಯಲ್ಲಿ ಚೆನ್ನಾಗಿ ಮಾಗಿದ ಬಾದಾಮಿ ಮಾವಿನ ತಿರುಳು ಹಾಕಿ, ಅದು ಸೂಪರ್ ಹಿಟ್.

ಪುಡಿ ಕೊಳ್ಳುವಾಗ ಬಣ್ಣ ನೋಡಿ. ಎಳೆ ಗರಿಕೆಯ ಹಸಿರಿದ್ದರೆ ಸೈ. ಹಳದಿಗೆ ತಿರುಗಿದ್ದರೆ ಹಳೇ ರೀಲು. ಸಕ್ಕರೆ ಬೆರೆಸಿದ್ದು ಬೇಡ. 30 ಗ್ರಾಂ ಡಬ್ಬಿಗೆ ನಾಲ್ಕು ಜನ ಸೇರಿ ಚಂದಾ ಹಾಕಿ, 15 ಲೋಟ ಆಗುತ್ತೆ. ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ. ಕೆಫೀನ್ ಇದೆ ಕಣ್ರಯ್ಯ, ಸೆಕೆಂಡ್ ಶೋ ಮುಗಿಸಿ ಬಂದು ಕುಡಿದು, ನಿದ್ದೆ ಬರಲಿಲ್ಲ ಅಂತ ನನಗೆ ಪತ್ರ ಹಾಕಬೇಡಿ!

ಚಿನ್ನದ ಕೋಣೆ ಬೇಕಿಲ್ಲ, ಎರಡು ಚಾಪೆ ಜಾಗ ಸಾಕು ಅಂತ ಆ ಗುರು ನಾನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟ. ನಿಮ್ಮ ಬಾಡಿಗೆ ರೂಮು ಅದಕ್ಕಿಂತ ದೊಡ್ಡದೇ ಅಲ್ವೇ? ಮೊದಲ ಲೋಟ ಕಡಗೋಲು ಕೊಟ್ಟ ಅಮ್ಮನಿಗೆ, ಎರಡನೇದು ನಿಮಗೆ. ಬರ್ಲಾ?