ಗಂಟಿನ ಚಿಂತೆ ಗುಟ್ಟಾಗಿ ಉಳಿಯುವುದು ಬೇಡ

ನಮ್ಮ ಸಂಘ-ಸಂಸ್ಥೆಗಳ ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವಿನ ಬಗ್ಗೆ ಎಲ್ಲರೂ ಮುಕ್ತವಾಗಿ ಮಾತನಾಡುತ್ತಾರೆ. ಆದರೆ ಸ್ತನದಲ್ಲಿ ಗಂಟು ಕಾಣಿಸಿಕೊಂಡ ವಿಷಯ ಮಾತ್ರ ಪಕ್ಕದಲ್ಲಿ ಕುಳಿತ ಗೆಳತಿಯ ಕಿವಿಗೂ ಬೀಳುವುದಿಲ್ಲ. ಸ್ನಾನ ಮಾಡುವಾಗ ಕೈಗೆ ತಾಗಿದ ಗಂಟನ್ನು ಗಂಡನಿಗೂ ಹೇಳದೆ, ಡಾಕ್ಟರರ ಅಪಾಯಿಂಟ್‌ಮೆಂಟ್ ದಿನದವರೆಗೆ ನಿದ್ದೆಯಿಲ್ಲದೆ ಒಳಗೊಳಗೇ ಕೊರಗುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಆ ಕಾಯುವ ದಿನಗಳ ಬಗ್ಗೆ ನಮ್ಮ ವೇದಿಕೆಗಳಲ್ಲಿ ಮಾತು ಬರುವುದೇ ಅಪರೂಪ.

ಮೊದಲು ತಿಳಿಯಬೇಕಾದುದು ಇಷ್ಟು. ಸ್ತನದಲ್ಲಿ ಕಾಣಿಸುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನೀರು ತುಂಬಿದ ಸಿಸ್ಟ್, ಎಳೆಯ ವಯಸ್ಸಿನವರಲ್ಲಿ ಸಾಮಾನ್ಯವಾದ ಫೈಬ್ರೊಅಡಿನೋಮ, ಮುಟ್ಟಿಗೆ ಮೊದಲು ಬರುವ ಊತ, ಹಾಲೂಡಿಸುವ ತಾಯಂದಿರಲ್ಲಿ ಕಟ್ಟುವ ಹಾಲು, ಹೀಗೆ ಕಾರಣಗಳು ಹಲವು. ಆದರೆ ಗಂಟು ಯಾವ ಬಗೆಯದೆಂದು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು. ನೋವಿಲ್ಲ ಎಂದು ಸುಮ್ಮನಿರುವುದೂ ಸರಿಯಲ್ಲ. ಕ್ಯಾನ್ಸರಿನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ.

ಅಪಾಯಿಂಟ್‌ಮೆಂಟಿಗಾಗಿ ಕೆಲವು ದಿನ ಕಾಯುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ತೊಂದರೆಯಾಗುವುದು ತಿಂಗಳುಗಟ್ಟಲೆ ಮುಂದೂಡುವುದರಿಂದ. "ಮಕ್ಕಳ ಪರೀಕ್ಷೆ ಮುಗಿಯಲಿ", "ಮೇ ತಿಂಗಳಲ್ಲಿ ಊರಿಗೆ ಹೋದಾಗ ತೋರಿಸೋಣ" ಎಂಬ ಮಾತು ಮುಂಬಯಿಯ ನಮ್ಮ ಮನೆಗಳಲ್ಲಿ ಹೊಸದಲ್ಲ. 1941ರಿಂದ ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಇರುವಾಗ, ದೇಶದ ಮೂಲೆಮೂಲೆಗಳಿಂದ ರೋಗಿಗಳು ಇಲ್ಲಿಗೆ ಬರುತ್ತಿರುವಾಗ, ನಾವು ಊರಿನ ರಜೆಗಾಗಿ ಕಾಯುವುದು ಯಾವ ನ್ಯಾಯ?

ಕಾಯುವ ದಿನಗಳಲ್ಲಿ ಮಾಡಬಹುದಾದ ಕೆಲಸಗಳಿವೆ. ಗಂಟು ಯಾವಾಗ ಕಂಡಿತು, ಮುಟ್ಟಿನ ಮೊದಲು ಮತ್ತು ನಂತರ ಬದಲಾಗುತ್ತದೆಯೇ, ತಾಯಿ, ಅಕ್ಕ-ತಂಗಿ, ಚಿಕ್ಕಮ್ಮಂದಿರಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಯಾವುವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಹಳೆಯ ರಿಪೋರ್ಟುಗಳಿದ್ದರೆ ಒಂದು ಫೈಲಿಗೆ ಹಾಕಿ. ಗಂಟನ್ನು ದಿನಕ್ಕೆ ಹತ್ತು ಸಲ ಒತ್ತಿ ನೋಡಬೇಡಿ. ಅದರಿಂದ ನೋವು ಹೆಚ್ಚುವುದೇ ಹೊರತು ಹೊಸದೇನೂ ತಿಳಿಯುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕುವುದು, ಲೇಪ ಹಾಕುವುದು ಬೇಡ. ಕೆಂಪಾಗಿ ಜ್ವರ ಬಂದರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ, ನಿಗದಿತ ದಿನಕ್ಕಾಗಿ ಕಾಯದೆ ಫೋನ್ ಮಾಡಿ ಬೇಗ ನೋಡುವಂತೆ ಕೇಳಿ.

ಅರ್ಧ ಭಯ ಹುಟ್ಟುವುದು ಅಲ್ಲಿ ಏನು ಮಾಡುತ್ತಾರೋ ತಿಳಿಯದಿರುವುದರಿಂದ. ಡಾಕ್ಟರರು ಮೊದಲು ಕೈಯಿಂದ ಪರೀಕ್ಷಿಸುತ್ತಾರೆ. ಮಹಿಳಾ ಡಾಕ್ಟರೇ ಬೇಕೆಂದು ಕೇಳಲು, ನರ್ಸ್ ಜೊತೆಗಿರಲಿ ಎನ್ನಲು ಸಂಕೋಚ ಬೇಡ. ನಂತರ ವಯಸ್ಸಿಗೆ ತಕ್ಕಂತೆ ಸೋನೋಗ್ರಫಿ ಅಥವಾ ಮ್ಯಾಮೊಗ್ರಫಿ. ಮ್ಯಾಮೊಗ್ರಫಿಯ ದಿನ ಪೌಡರ್, ಸೆಂಟ್ ಹಚ್ಚದೆ ಹೋಗಬೇಕು. ಅಗತ್ಯವಿದ್ದರೆ ಸೂಜಿಯಿಂದ ಸ್ವಲ್ಪ ಅಂಶ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದನ್ನು ನಂಬಿ ಪರೀಕ್ಷೆ ತಪ್ಪಿಸುವುದೇ ನಿಜವಾದ ಅಪಾಯ.

ಇನ್ನು ನಮ್ಮ ಸಂಘಗಳ ಕರ್ತವ್ಯ. ಟಾಟಾ ಮೆಮೋರಿಯಲ್ ಆಸ್ಪತ್ರೆಯ ತಜ್ಞರು 1998ರಿಂದ ಇದೇ ಮುಂಬಯಿಯಲ್ಲಿ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ ಇಪ್ಪತ್ತು ವರ್ಷ ಅಧ್ಯಯನ ನಡೆಸಿದರು. ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನಲ್ಲಿ ರೋಗ ಮೊದಲ ಹಂತಗಳಲ್ಲೇ ಪತ್ತೆಯಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ. 30ರಷ್ಟು ಕಡಿಮೆಯಾಯಿತು. ದೊಡ್ಡ ಯಂತ್ರವಿಲ್ಲದೆ ಆದ ಕೆಲಸವಿದು. ಹಾಗಿರುವಾಗ ನಮ್ಮ ಆರೋಗ್ಯ ತಪಾಸಣಾ ಶಿಬಿರಗಳು ಸಕ್ಕರೆ, ಬಿ.ಪಿ., ಕನ್ನಡಕಕ್ಕೆ ಮಾತ್ರ ಸೀಮಿತವಾಗಬೇಕೇ?

ಪ್ರತಿ ಮಹಿಳಾ ವಿಭಾಗವೂ ಇಬ್ಬರು ಮೂವರು ಅನುಭವಸ್ಥ ಸದಸ್ಯೆಯರನ್ನು ಈ ಕೆಲಸಕ್ಕೆಂದೇ ಗುರುತಿಸಲಿ. ಡೊಂಬಿವಲಿಯಿಂದಲೋ ಮೀರಾರೋಡ್‌ನಿಂದಲೋ ಪರೇಲ್‌ಗೆ ಹೊರಟವಳ ಜೊತೆ ಟ್ರೈನ್ ಹತ್ತಲು, ಹಿಂದಿ, ಮರಾಠಿ ಸರಿಯಾಗಿ ಬಾರದ ಹಿರಿಯ ತಾಯಿಯ ಪರವಾಗಿ ಡಾಕ್ಟರರಲ್ಲಿ ಮಾತನಾಡಲು, ವಿಷಯವನ್ನು ತಮ್ಮಲ್ಲೇ ಇಟ್ಟುಕೊಳ್ಳಲು ಬಲ್ಲವರು ಬೇಕು. ಇದಕ್ಕೆ ಖರ್ಚಿಲ್ಲ, ಶಾಲು ಸನ್ಮಾನವೂ ಬೇಕಿಲ್ಲ.

ಮನೆಯ ಗಂಡಸರಲ್ಲಿಯೂ ಒಂದು ವಿನಂತಿ. "ಏನೂ ಆಗುವುದಿಲ್ಲ ಬಿಡು" ಎಂದು ಮಾತು ಮುಗಿಸಬೇಡಿ. ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ. ಗಂಟು ಏನೆಂದು ಡಾಕ್ಟರರು ಹೇಳುತ್ತಾರೆ. ಅಲ್ಲಿಯವರೆಗೆ ಆಕೆ ಒಂಟಿಯಲ್ಲ ಎಂದು ಹೇಳಬೇಕಾದವರು ನಾವು.